ಗೇಟ್ ಬುಕ್ಕಿನಲ್ಲಿ ಹೆಸರಿಲ್ಲದ ಸುದ್ದಿ

ಫೋನು ‘ಟಿಂಗ್’ ಎಂದರೆ ಸಾಕು, ಕೈ ತಾನಾಗಿಯೇ ಅದರ ಕಡೆಗೆ ಹೋಗುತ್ತದೆ. ಒಲೆಯ ಮೇಲೆ ಎಸರು ಉಕ್ಕುತ್ತಿರಲಿ, ಮಗು ಅಳುತ್ತಿರಲಿ, ಮೊದಲು ಅದನ್ನು ನೋಡುತ್ತೇವೆ. ಯಾರೋ ಕರೆದ ಹಾಗೆ. ಕರೆದವರು ಯಾರು ಎಂದು ಮಾತ್ರ ಕೇಳುವುದಿಲ್ಲ. ಹಾಗೆ ಕೇಳದೆ ಹೋದ ಒಬ್ಬ ಮನುಷ್ಯನ ಕಥೆ ಇದು. ಅವನು ದಡ್ಡನಲ್ಲ, ಕೆಟ್ಟವನೂ ಅಲ್ಲ. ಒಂಟಿ, ಅಷ್ಟೆ.

ಹೆಸರು ಚಿಕ್ಕಬಸವಯ್ಯ, ವಯಸ್ಸು ಐವತ್ತೆಂಟು. ಬದನಗುಪ್ಪೆ ಕೈಗಾರಿಕಾ ಪ್ರದೇಶದಲ್ಲಿ, ಬಾಗಿಲು ಹಾಕಿ ಎರಡು ವರ್ಷವಾದ ಒಂದು ಶೆಡ್ಡಿನ ಗೇಟು ಕಾಯುವುದು ಅವನ ಕೆಲಸ. ಬೆಳಿಗ್ಗೆ ಆರಕ್ಕೆ ಬಂದರೆ ಸಂಜೆ ಆರಕ್ಕೆ ಹೊರಡಬೇಕು. ಒಳಗೆ ಯಂತ್ರಗಳಿಲ್ಲ, ಜನರಿಲ್ಲ. ತಗಡಿನ ಮೇಲೆ ಪಾರಿವಾಳಗಳ ಓಡಾಟ, ಆಗೊಮ್ಮೆ ಈಗೊಮ್ಮೆ ದೂರದಲ್ಲಿ ರೈಲು. ಹೆಂಡತಿ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಹರವೆ ಹೋಬಳಿಯ ಊರಿನಲ್ಲಿದ್ದ ಅಪ್ಪನ ಮನೆ ಬಿದ್ದುಹೋಗಿ, ಅವನು ಗೇಟಿಗೆ ಹತ್ತಿರದಲ್ಲೇ ಒಂದು ಬಾಡಿಗೆ ಕೋಣೆಯಲ್ಲಿ ಇದ್ದ.

ಗೇಟಿನ ಪಕ್ಕದ ಗೂಡಿನಲ್ಲಿ ಒಂದು ಸ್ಟೂಲು, ಒಂದು ಮಣ್ಣಿನ ಹೂಜಿ, ಒಂದು ಗೇಟ್ ಬುಕ್ಕು. ಆ ಬುಕ್ಕಿನ ಮೇಲೆ ಅವನಿಗೆ ಬಹಳ ಗೌರವ. ಬಂದವರು ಯಾರು, ಎಲ್ಲಿಂದ ಬಂದರು, ಯಾರನ್ನು ನೋಡಲು, ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು, ಸಹಿ. ಶೆಡ್ಡು ನಡೆಯುತ್ತಿದ್ದಾಗ ಮಾಲೀಕರ ಭಾವಮೈದನೇ ಕಾರಿನಲ್ಲಿ ಬಂದರೂ ಹೆಸರು ಬರೆಸಿಯೇ ಒಳಗೆ ಬಿಟ್ಟಿದ್ದ. ಈಗ ಬರುವವರಿಲ್ಲ. ದಿನವೂ ಸಂಜೆ ‘ಯಾರೂ ಬಂದಿಲ್ಲ’ ಎಂದು ದುಂಡಗೆ ಬರೆದು ಸಹಿ ಹಾಕುತ್ತಿದ್ದ. ಪುಟದ ಮೇಲಿಂದ ಕೆಳಗಿನವರೆಗೆ ಯಾರೂ ಬಂದಿಲ್ಲ, ಯಾರೂ ಬಂದಿಲ್ಲ.

ಬರುತ್ತಿದ್ದವಳು ಒಬ್ಬಳೇ, ಅಕ್ಕ ದೊಡ್ಡಮಲ್ಲಮ್ಮ. ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ಆರಿಸುವ ಕೆಲಸ ಅವಳದು. ಕೇರಳಕ್ಕೆ ಹೋಗುವ ಲಾರಿಗೆ ದಪ್ಪದ್ದು ಬೇರೆ, ಸಣ್ಣದು ಬೇರೆ, ಕೊಳೆತದ್ದು ಬೇರೆ. ಕೈಯೆಲ್ಲ ಈರುಳ್ಳಿ ವಾಸನೆ. ತಿಂಗಳಿಗೆ ಒಂದು ಸೋಮವಾರ ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಬುತ್ತಿ ಕಟ್ಟಿಕೊಂಡು ತಮ್ಮನ ಗೇಟಿಗೆ ಬರುತ್ತಿದ್ದಳು. ಇಬ್ಬರೂ ಗೂಡಿನ ನೆರಳಲ್ಲಿ ಕೂತು ಮುದ್ದೆ ಉಪ್ಸಾರು ಉಣ್ಣುತ್ತಿದ್ದರು. ಅಕ್ಕನ ಹೆಸರನ್ನು ಬುಕ್ಕಿನಲ್ಲಿ ಅವನು ಬರೆಯುತ್ತಿರಲಿಲ್ಲ. ಅಕ್ಕ ಹೊರಗಿನವಳೇ, ಬರೆಯೋದಕ್ಕೆ?

ಉಳಿದ ಇಪ್ಪತ್ತೊಂಬತ್ತು ದಿನ ಜೊತೆಗಿದ್ದದ್ದು ಫೋನು.

ಅದನ್ನು ಕೊಂಡಾಗಲೇ ಅದರೊಳಗೆ ಒಂದು ಸುದ್ದಿ ಆಪ್ ಕೂತಿತ್ತು. ಅವನು ಹಾಕಿಸಿಕೊಂಡದ್ದಲ್ಲ. ಏನೋ ಕೇಳಿತು, ‘ಸರಿ’ ಎಂದು ಒತ್ತಿದ, ಅಂದಿನಿಂದ ಟಿಂಗ್ ಶುರುವಾಯಿತು. ಒಂದು ದಿನ ಆನೆ ನುಗ್ಗಿದ ಸುದ್ದಿಯನ್ನು ಒತ್ತಿ ನೋಡಿದ. ಮರುದಿನ ನಾಲ್ಕು ಆನೆ ಬಂದವು. ಒಂದು ದಿನ ಹಾವು ಒತ್ತಿದ, ವಾರವೆಲ್ಲ ಹಾವು. ಅವನು ಯಾವುದನ್ನು ನೋಡಿ ಬೆಚ್ಚುತ್ತಾನೋ ಅದನ್ನು ಆಪ್ ಗುರುತು ಹಾಕಿಕೊಳ್ಳುತ್ತಿತ್ತು. ಬೆಚ್ಚಿದವನು ಹೆಚ್ಚು ಹೊತ್ತು ನೋಡುತ್ತಾನೆ, ಹೆಚ್ಚು ಹೊತ್ತು ನೋಡಿದರೆ ನಡುವೆ ಹೆಚ್ಚು ಜಾಹೀರಾತು. ಬಡವನ ಬೆವರಿಗೆ ಬೆಲೆ ಕೊಡದ ಲೋಕ ಅವನ ಭಯಕ್ಕೆ ಗಿರಾಕಿ ಹುಡುಕಿಕೊಂಡಿತ್ತು. ಇದು ಚಿಕ್ಕಬಸವಯ್ಯನಿಗೆ ಗೊತ್ತಿರಲಿಲ್ಲ. ದಿನಕ್ಕೆ ಮೂವತ್ತು ಸಲ ತನ್ನನ್ನು ಕರೆಯುವವರು ಒಬ್ಬರಿದ್ದಾರೆ ಎನ್ನುವುದಷ್ಟೇ ಗೊತ್ತಿತ್ತು.

ಹೀಗಿರುವಾಗ ಜ್ವರ ಬಂತು. ಊರಿಗಲ್ಲ, ಫೋನಿಗೆ.

ಗುಂಡ್ಲುಪೇಟೆಯ ಮಂಡಿಯಲ್ಲಿ ಕೇರಳದ ಜ್ವರ ಹಬ್ಬಿದೆ, ತರಕಾರಿ ಮುಟ್ಟಿದವರಿಗೆಲ್ಲ ಅಂಟಿದೆ ಎಂದಿತ್ತು. ಜೊತೆಗೆ ಒಂದು ಚಿತ್ರ: ರಸ್ತೆಗೆ ಅಡ್ಡ ಬಿದಿರು ಕಟ್ಟಿದೆ, ಮುಖ ಮುಚ್ಚಿಕೊಂಡವರು ನಿಂತಿದ್ದಾರೆ. ಚಿಕ್ಕಬಸವಯ್ಯ ಒತ್ತಿದ. ಮಧ್ಯಾಹ್ನ ಮತ್ತೆರಡು ಬಂದವು. ಮೂರನೆಯ ದಿನಕ್ಕೆ ಆನೆ, ಹಾವು ಎಲ್ಲ ಹೋಗಿ ಬರೀ ಜ್ವರವೇ ಉಳಿಯಿತು. ‘ಮಂಡಿಯಲ್ಲಿ ಸಾವು?’ ಎಂದು ಒಂದರ ತಲೆಬರಹ. ಆ ಪ್ರಶ್ನೆಯ ಗುರುತು ಇದೆಯಲ್ಲ, ಅದು ಬರೆದವರ ತಲೆ ಕಾಯಲಿಕ್ಕೆ. ಪೂರ್ತಿ ಭಯ ಮಾತ್ರ ಓದಿದವನ ಪಾಲಿಗೆ.

ನಾಲ್ಕನೆಯ ದಿನ ಸೋಮವಾರ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅಕ್ಕ ಬಂದಳು. ಕೈಯಲ್ಲಿ ಬುತ್ತಿಯ ಬ್ಯಾಗು. ಅವನು ಗೇಟಿನ ಬೀಗ ತೆಗೆಯಲಿಲ್ಲ.

“ಯಾಕ್ಲಾ ಬಸ್ವ, ಬೀಗ ಕಚ್ಕೊಂಡದಾ?”

“ಅಕ್ಕ, ಅಲ್ಲೇ ನಿಂತ್ಕೊ. ನಿಮ್ ಮಂಡಿಲಿ ಜ್ವರ ಅದಂತೆ. ಮುಟ್ಟುದ್ರೆ ಬತ್ತದಂತೆ.”

“ನಾನ್ ದಿನಾ ಅಲ್ಲೇ ಕುಂತಿರ್ತೀನಿ. ನಂಗ್ ಕಾಣ್ದಿರೋ ಜ್ವರ ನಿಂಗ್ ಎಲ್ ಕಾಣ್ತು?”

“ಫೋನ್ಲಿ ಬಂತು.”

“ಫೋನ್ಲಿ ಯಾರ್ಲಾ ಸಾರ್ಸಿದ್ದು?”

ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

ಈ ಮಾತು ಅಕ್ಕನ ಬಾಯಿಗೆ ಬಂದದ್ದು ಅಪ್ಪನಿಂದ. ಅವರಪ್ಪ ಊರಿಗೆಲ್ಲ ತಮಟೆ ಬಡಿದು ಸಾರುತ್ತಿದ್ದವನು. ಮೂರು ಸಲ ತಮಟೆ ಬಡಿದು, ಮೊದಲು ಯಾರು ಸಾರಿಸಿದ್ದಾರೆ ಎಂದು ಹೇಳಬೇಕು, ಆಮೇಲೆ ಯಾವ ದಿನಕ್ಕೆ ಎಂದು, ಆಮೇಲೆ ವಿಷಯ. ಒಮ್ಮೆ ಊರಿನ ದೊಡ್ಡ ಜಮೀನಿನವರು, ಕೇರಿಯವರು ಯಾರೂ ಕೆರೆಗೆ ಇಳಿಯಬಾರದು ಎಂದು ಸಾರು, ನನ್ನ ಹೆಸರು ಮಾತ್ರ ಎತ್ತಬೇಡ ಎಂದರು. ಎಸ್ರಿಲ್ದೆ ತಮಟೆ ಬಾರ್ಸಕಿಲ್ಲ ಸ್ವಾಮಿ ಎಂದ ಅಪ್ಪ. ಬೆನ್ನಿನ ಮೇಲೆ ಬಾಸುಂಡೆ ಬಂದವು. ಕೆರೆಯ ಮಾತನ್ನು ಮಾತ್ರ ಅವನು ಊರಲ್ಲಿ ಸಾರಲಿಲ್ಲ.

ಅಂಥ ಅಪ್ಪನ ಮಗ ಬಿಸಿಲಲ್ಲಿ ನಿಂತ ಅಕ್ಕನಿಗೆ ಬಾಯಾರಿಕೆ ಆಗಿರಬಹುದು ಎಂದು ನೀರಿನ ಬಾಟಲಿ ತಂದ. ಗೇಟಿನ ಕೆಳಗಿನ ಸಂದಿಯಿಂದ ಅದನ್ನು ಹೊರಗೆ ನೆಲದ ಮೇಲೆ ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದ.

ದೊಡ್ಡಮಲ್ಲಮ್ಮ ಬಾಟಲಿಯನ್ನು ನೋಡಿದಳು. ದನಿ ಏರಿಸಲಿಲ್ಲ.

“ನಮ್ಮಪ್ಪ ಆ ಜಮೀನ್ನೋರ್ ಜಗ್ಲಿ ಕೆಳಗೆ ಇಂಗೇ ನಿಂತ್ಕತಿದ್ದ ಕಣ್ಲಾ. ಅವ್ರು ಎತ್ತರದಿಂದ ನೀರ್ ಉಯ್ತಿದ್ರು. ನೀನು ನೆಲುದ್ ಮ್ಯಾಕೆ ಮಡುಗ್ದೆ.”

ಬುತ್ತಿಯ ಬ್ಯಾಗನ್ನು ಗೇಟಿನ ಸರಳಿಗೆ ನೇತುಹಾಕಿ ಹೊರಟಳು. ನೀರು ಮುಟ್ಟಲಿಲ್ಲ. ಹೆದ್ದಾರಿಯ ತನಕ ಅವಳ ಸೆರಗು ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ.

ಬುತ್ತಿಯನ್ನು ಅವನು ಮುಟ್ಟಲಿಲ್ಲ. ಸಂಜೆಗೆ ಇರುವೆ ಹತ್ತಿದ್ದವು. ಕೋಲಿನಲ್ಲಿ ಎತ್ತಿಕೊಂಡು ಹೋಗಿ ಹಿಂದುಗಡೆ ಗುಂಡಿ ತೆಗೆದು ಹೂತ, ಅಕ್ಕ ತೊಳೆದು ಹೊಳಪು ಬರಿಸಿದ್ದ ಡಬ್ಬಿಯ ಸಮೇತ. ಆಮೇಲೆ ಗೇಟ್ ಬುಕ್ಕು ತೆರೆದ. ‘ಯಾರೂ ಬಂದಿಲ್ಲ’ ಎಂದು ಬರೆಯಲು ಕೈ ಬರಲಿಲ್ಲ. ಸುಳ್ಳು ಬರೆದು ಅಭ್ಯಾಸವಿಲ್ಲದ ಮನುಷ್ಯ. ದುಂಡಗೆ ಬರೆದ: ದೊಡ್ಡಮಲ್ಲಮ್ಮ. ಗುಂಡ್ಲುಪೇಟೆ. 11.40. ಒಳಗೆ ಬಿಟ್ಟಿಲ್ಲ.

ಎಷ್ಟೋ ತಿಂಗಳಲ್ಲಿ ಆ ಬುಕ್ಕಿಗೆ ಬಂದ ಒಂದೇ ಹೆಸರು ಅದು.

ಮರುದಿನ ಅಕ್ಕನಿಗೆ ಫೋನು ಮಾಡಿದ. ಎತ್ತಲಿಲ್ಲ. ಅದರ ಮರುದಿನವೂ ಇಲ್ಲ. ಅವಳದು ಬಟನ್ ಫೋನು, ಸೆರಗಿನ ಗಂಟಿನಲ್ಲೇ ಇರುತ್ತದೆ, ಕೇಳಿಸದೆ ಇರುವಂಥದ್ದಲ್ಲ. ಆಪ್ ಮಾತ್ರ ತಪ್ಪದೆ ಕರೆಯಿತು: ಜ್ವರ, ಜ್ವರ, ಜ್ವರ. ಒಂಬತ್ತು ದಿನ ಕಳೆಯುವ ಹೊತ್ತಿಗೆ ಅವನಿಗೆ ಖಾತ್ರಿಯಾಗಿಹೋಗಿತ್ತು. ಅಕ್ಕನಿಗೆ ಜ್ವರ ಬಂದಿದೆ. ಎತ್ತಲು ಅವಳೇ ಇಲ್ಲ. ತಾನು ಕೊಟ್ಟ ಕೊನೆಯ ನೀರು ನೆಲದ ಮೇಲೆ ಇಟ್ಟದ್ದು.

ಭಾನುವಾರ ಬೇರೊಬ್ಬರು ಗೇಟಿಗೆ ಬರುತ್ತಾರೆ. ಅವತ್ತು ಅವನು ಗುಂಡ್ಲುಪೇಟೆಗೆ ಹೋಗಲಿಲ್ಲ, ಧೈರ್ಯವಾಗಲಿಲ್ಲ. ತನ್ನ ಊರಿಗೆ ಹೋದ. ಅಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು ಕುಮಾರಿ, ಅವನದೇ ಕೇರಿಯ ಹುಡುಗಿ, ಸಂಬಂಧದಲ್ಲಿ ಸೊಸೆಯಾಗಬೇಕು. ಗ್ರಂಥಾಲಯದಲ್ಲಿ ಆಗ ಯಾರೂ ಇರಲಿಲ್ಲ. ಗುಂಡ್ಲುಪೇಟೆಯಲ್ಲಿ ಎಷ್ಟು ಜನ ಸತ್ತರು ಎಂದು ನೋಡಿ ಹೇಳು ಎಂದು ಅವನು ಫೋನು ಮುಂದಿಟ್ಟ. ಆಮೇಲೆ ಗೇಟಿನ ಕಥೆಯನ್ನೂ ಹೇಳಿದ, ಬಾಟಲಿಯ ವಿಷಯವನ್ನೂ ಮುಚ್ಚಿಡಲಿಲ್ಲ.

ಕುಮಾರಿ ಮೊದಲು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತನಗೆ ಪರಿಚಯವಿದ್ದ ಗುಂಡ್ಲುಪೇಟೆಯ ಆಶಾ ಕಾರ್ಯಕರ್ತೆ ಸುಧಾಮಣಿಗೆ ಫೋನು ಮಾಡಿ ಸ್ಪೀಕರ್ ಹಾಕಿದಳು. ಅಂಥ ಜ್ವರ ಒಂದೂ ಇಲ್ಲ, ದೊಡ್ಡಮಲ್ಲಮ್ಮನನ್ನು ನಿನ್ನೆ ತಾನೇ ಮಂಡಿಯಲ್ಲಿ ನೋಡಿದೆ, ಚೆನ್ನಾಗಿದ್ದಾಳೆ ಎಂದಳು ಸುಧಾಮಣಿ. ಈರುಳ್ಳಿ ರೇಟು ಬಿಟ್ಟರೆ ಇಲ್ಲಿ ಬೇರೆ ಏನೂ ಮಲಗಿಲ್ಲ ಎಂದು ನಕ್ಕಳು.

ಚಿಕ್ಕಬಸವಯ್ಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅಕ್ಕ ಬದುಕಿದ್ದಾಳೆ. ಹಾಗಾದರೆ ಫೋನು ಎತ್ತದೆ ಇರುವುದು ಜ್ವರದಿಂದಲ್ಲ.

ಆಮೇಲೆ ಕುಮಾರಿ ಆ ಸುದ್ದಿಯನ್ನು ತೆರೆದು ಅವನ ಪಕ್ಕದಲ್ಲೇ ಕೂತಳು. ಪತ್ರಿಕೆಯ ಹೆಸರು ಎಲ್ಲಿದೆ ತೋರಿಸು ಎಂದಳು. ಇರಲಿಲ್ಲ. ಬರೆದವರ ಹೆಸರು? ಅದೂ ಇಲ್ಲ. ತಾರೀಕು? ಇಲ್ಲ. ಆ ಚಿತ್ರವನ್ನೇ ಹಿಡಿದು ಹುಡುಕಿದಾಗ, ಅದು ಏಳು ವರ್ಷದ ಹಿಂದೆ ಇನ್ನಾವುದೋ ರಾಜ್ಯದ ರಸ್ತೆಯಲ್ಲಿ ತೆಗೆದದ್ದು ಎಂದು ಸಿಕ್ಕಿತು.

“ಮಾವ, ನಿನ್ ಗೇಟಿಗೆ ಒಬ್ಬ ಬತ್ತಾನೆ. ಎಸ್ರು ಯೋಳಕಿಲ್ಲ, ಊರು ಯೋಳಕಿಲ್ಲ, ಯಾವತ್ ಬಂದೆ ಅಂತಾನೂ ಯೋಳಕಿಲ್ಲ. ಒಳೀಕ್ ಬುಟ್ಬುಡ್ತೀಯಾ?”

“ಅದೆಂಗಮ್ಮಿ ಬುಡ್ತೀನಿ? ಕಾಲ್ ಮುರ್ದಾಕ್ತೀನಿ.”

“ಇವ್ನ ಬುಟ್ಟಿದ್ದೀಯಲ್ಲ. ಅಕ್ಕನ್ನ ಈಚೆಗ್ ನಿಲ್ಸಿ ಇವ್ನ ಒಳೀಕ್ ಕೂರ್ಸ್ಕೊಂಡಿದ್ದೀಯ.”

ಅವನು ತಲೆ ತಗ್ಗಿಸಿದ. ಇದನ್ನೆಲ್ಲ ಕಿತ್ತು ಹಾಕು, ಈ ಫೋನೇ ಬೇಡ ನನಗೆ ಎಂದ. ಕುಮಾರಿ ಒಪ್ಪಲಿಲ್ಲ. ಹನ್ನೆರಡು ಗಂಟೆ ಒಬ್ಬನೇ ಕೂರುವ ಮನುಷ್ಯ, ಲೋಕದಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು ನಿನ್ನ ಹಕ್ಕು, ಹೆದರಿ ಬಿಟ್ಟುಕೊಡಬೇಡ ಎಂದಳು. ಸುದ್ದಿಯನ್ನು ಬಿಡುವುದಲ್ಲ, ಗೇಟಿಗೆ ಕಾವಲು ಹಾಕುವುದು. ಅದಕ್ಕೊಂದು ಬೇರೆ ಥರದ ಆಪ್ ಇದೆ, ಫೀಡ್ ರೀಡರ್ ಅಂತ, ಹಾಕಿಕೊಡುತ್ತೇನೆ ಎಂದಳು.

“ಫೀಡ್ಸಾ? ನಂತಾವ ಅಸ ಕರ ಎಲ್ಲವ್ವ ಅವೆ, ಡೈರಿ ಫೀಡ್ಸ್ ತಕ್ಕೊಂಡ್ ಏನ್ ಮಾಡ್ಲಿ?”

ಕುಮಾರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಹೇಳಿದ ಮಾತು ಮಾತ್ರ ನಗುವಂಥದ್ದಲ್ಲ. “ಇಷ್ಟ್ ದಿನ ಅಸ ನೀನೇ ಆಗಿದ್ದೆ ಕಣ್ ಮಾವ. ಅವ್ರ್ ಆಕಿದ್ ಮೇವ ಮೇಯ್ತಿದ್ದೆ, ಅವ್ರು ಆಲ್ ಕರೀತಿದ್ರು.”

ಫೀಡ್ ರೀಡರ್ ಎಂದರೆ ಏನು ಎಂದು ಅವಳು ಬಿಡಿಸಿ ಹೇಳಿದಳು. ಪತ್ರಿಕೆಗಳು, ಬ್ಲಾಗುಗಳು, ಕೆಲವು ಇಲಾಖೆಗಳು ತಮ್ಮ ಹೊಸ ಬರಹಗಳನ್ನು ಕಳಿಸಲು ಒಂದು ವಿಳಾಸ ಇಟ್ಟಿರುತ್ತವೆ. ಅದಕ್ಕೆ ಫೀಡ್ ಎನ್ನುತ್ತಾರೆ. ನಮಗೆ ಬೇಕಾದವರ ವಿಳಾಸವನ್ನು ಮಾತ್ರ ರೀಡರಿಗೆ ಕೊಟ್ಟರೆ, ಅವರು ಬರೆದದ್ದು ಮಾತ್ರ ಬರುತ್ತದೆ, ಹೊಸದು ಮೇಲೆ, ಹಳೆಯದು ಕೆಳಗೆ. ಪ್ರತಿಯೊಂದರ ತಲೆಯ ಮೇಲೆ ಯಾರದು, ಯಾವತ್ತಿನದು ಎಂದು ಇರುತ್ತದೆ. ನೀನು ಏನು ನೋಡಿ ಬೆಚ್ಚಿದೆ ಎಂದು ಲೆಕ್ಕ ಹಾಕಿ ಅದನ್ನೇ ಮತ್ತೆ ಮತ್ತೆ ತಂದು ಸುರಿಯುವುದಿಲ್ಲ.

ಚಿಕ್ಕಬಸವಯ್ಯನ ಅನುಮಾನ ಹೋಗಲಿಲ್ಲ. ಇದಕ್ಕೆ ಎಷ್ಟು ಎಂದು ಕೇಳಿದ. ಪುಕ್ಕಟೆ ಎಂದಳು.

“ಪುಕ್ಸಟ್ಟೆ ಕೊಡೋರು ಯಾರಮ್ಮಿ? ಅದೂ ಪುಕ್ಸಟ್ಟೆನೇ ಬಂದಿದ್ದು.”

ಕುಮಾರಿ ಈ ಮಾತಿಗೆ ಖುಷಿಪಟ್ಟಳು. ಇದೇ ಸರಿಯಾದ ಪ್ರಶ್ನೆ ಎಂದಳು. ಪುಕ್ಕಟೆ ಆಪುಗಳಲ್ಲಿ ಎರಡು ಜಾತಿ ಎನ್ನಲು ಹೋಗಿ, ಜಾತಿ ಬೇಡ, ಎರಡು ಬಗೆ ಎಂದು ತಿದ್ದಿಕೊಂಡಳು. ಒಂದು ನಿನ್ನನ್ನೇ ಮಾರಿ ಬದುಕುವುದು. ಇನ್ನೊಂದು, ಜನರೇ ಕೂಡಿ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟದ್ದು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು. ಊರಿನ ಬಾವಿ ಮುಚ್ಚಳವಿಲ್ಲದೆ ಇದ್ದ ಹಾಗೆ. ಯಾವುದು ಯಾವ ಬಗೆಯದು ಎಂದು ನಂಬುವ ಮುಂಚೆಯೇ ನೋಡಬೇಕು, ಬಾ, ಇಬ್ಬರೂ ನೋಡೋಣ ಎಂದು ಒಂದೊಂದೇ ಇಳಿಸಿದಳು.

ಮೊದಲನೆಯದು ತೆರೆದ ಕೂಡಲೇ ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿತು. ಚಿಕ್ಕಬಸವಯ್ಯ ಅಕ್ಷರ ಕೂಡಿಸಿ ಓದಿ, ಕನ್ನಡಕ ತೆಗೆದ.

“ಸುದ್ದಿ ಓದಕೆ ನಮ್ಮಕ್ಕನ್ ನಂಬರ್ ಯಾಕ್ ಬೇಕಂತೆ ಇದ್ಕೆ?”

“ಅಷ್ಟೇ ಮಾವ. ಇದ್ನೇ ಕೇಳ್ಬೇಕು ನೀನು.” ಅದನ್ನು ತೆಗೆದು ಹಾಕಿದರು.

ಎರಡನೆಯದು ಚೆನ್ನಾಗಿತ್ತು, ಆದರೆ ವಿಳಾಸ ಹಾಕಲು ಬಿಡಲಿಲ್ಲ. ಅದರವರೇ ಆರಿಸಿಟ್ಟ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು, ಅದರಲ್ಲಿ ಕನ್ನಡದ ಪತ್ರಿಕೆ ಒಂದೂ ಇಲ್ಲ. ನಮ್ಮ ನುಡಿಗೆ ಜಾಗವಿಲ್ಲದ ಮನೆಗೆ ನಾವು ಯಾಕೆ ಹೋಗಬೇಕು? ಅದೂ ಹೋಯಿತು. ಮೂರನೆಯದು ಹೆಸರು, ನಂಬರು ಏನೂ ಕೇಳಲಿಲ್ಲ. ನಡುವೆ ಜಾಹೀರಾತು ಇಲ್ಲ. ಅಕ್ಷರವನ್ನು ಅವನ ಕಣ್ಣಿಗೆ ತಕ್ಕಷ್ಟು ದಪ್ಪ ಮಾಡಬಹುದು. ಗ್ರಂಥಾಲಯದ ವೈಫೈಯಲ್ಲಿ ಇಳಿಸಿಕೊಂಡು ಹೋದರೆ ಗೇಟಿನಲ್ಲಿ ಡೇಟಾ ಇಲ್ಲದೆಯೂ ಓದಬಹುದು. ಮುಂದೆ ಈ ಆಪೇ ಬೇಡವೆನಿಸಿದರೆ ವಿಳಾಸಗಳ ಪಟ್ಟಿಯನ್ನು ಹೊರಗೆ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳಬಹುದು. ಬಾಡಿಗೆ ಮನೆ ಬಿಡುವಾಗ ಪಾತ್ರೆ ನಮ್ಮದೇ ಅಲ್ಲವೇ, ಹಾಗೆ.

ಯಾರ ವಿಳಾಸ ಹಾಕುವುದು ಎಂಬ ಮಾತು ಬಂತು. ಒಂದಕ್ಕೊಂದು ಆಗದ ಎರಡು ಪತ್ರಿಕೆ ಹಾಕು ಎಂದಳು ಕುಮಾರಿ, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹೇಳುತ್ತಾರೆ. ಆರೋಗ್ಯದ ವಿಷಯ ಬರೆಯುವ ಒಬ್ಬ ಡಾಕ್ಟರಮ್ಮನ ಬ್ಲಾಗು ಹಾಕಿದರು. ಕೇರಿಗಳ ಕಷ್ಟಸುಖ ಬರೆಯುವ ಒಂದು ಗುಂಪಿನದು ಹಾಕಿದರು. ಎರಡು ವರ್ಷ ದಿನಕ್ಕೆ ಮೂವತ್ತು ಸಲ ಕರೆದ ಆ ಆಪ್ ಒಂದು ದಿನವಾದರೂ ಕೇರಿಯ ಸುದ್ದಿ ಹೇಳಿತ್ತೇ ಎಂದು ಚಿಕ್ಕಬಸವಯ್ಯ ನೆನೆದು ನೋಡಿದ. ಹೇಳಿರಲಿಲ್ಲ.

ಎಲ್ಲ ಪತ್ರಿಕೆಯವರೂ ಫೀಡ್ ಕೊಡುವುದಿಲ್ಲ, ಕೆಲವರು ತಲೆಬರಹ ಮಾತ್ರ ಕೊಡುತ್ತಾರೆ ಎಂದೂ ಕುಮಾರಿ ಹೇಳಿದಳು. ಆಮೇಲೆ ಬೆರಳೆತ್ತಿ ಒಂದು ಮಾತು: “ಇದು ಸುಳ್ ಇಡಿಯೋ ಮಿಷನ್ ಅಲ್ಲ ಮಾವ. ಗೇಟ್ ಬುಕ್ಕು, ಅಷ್ಟೇಯ. ಎಸ್ರು ತಾರೀಕು ತೋರುಸ್ತದೆ. ನಂಬೋದು ಬುಡೋದು ನೀನೇ ಕೂತ್ಕಂಡ್ ಯೋಚ್ನೆ ಮಾಡ್ಬೇಕು.”

ಹಳೆಯ ಆಪ್ ಫೋನಿನ ಜೊತೆಗೇ ಬಂದದ್ದಾದ್ದರಿಂದ ಪೂರ್ತಿ ತೆಗೆಯಲು ಬರಲಿಲ್ಲ. ಸೆಟ್ಟಿಂಗಿಗೆ ಹೋಗಿ ಅದನ್ನು ನಿಲ್ಲಿಸಿ, ಅದರ ಟಿಂಗ್ ಮುಚ್ಚಿಸಿದಳು.

ಮರುದಿನ ಗೇಟಿನಲ್ಲಿ ಫೋನು ಒಂದು ಸಲವೂ ಕೂಗಲಿಲ್ಲ.

ಅಂಥ ನಿಶ್ಶಬ್ದವನ್ನು ಅವನು ನಿರೀಕ್ಷಿಸಿರಲಿಲ್ಲ. ಹತ್ತು ಗಂಟೆಗೆ ತಾನೇ ತೆರೆದ. ಇಪ್ಪತ್ತಾರು ಬರಹ ಇದ್ದವು. ಹೆಸರು ನೋಡಿ, ತಾರೀಕು ನೋಡಿ, ಬೇಕಾದದ್ದನ್ನು ಓದಿದ. ಹನ್ನೊಂದೂವರೆಗೆ ಪಟ್ಟಿ ಮುಗಿಯಿತು. ಹೊಸದೇನೂ ಇಲ್ಲ ಎಂದು ಆಪ್ ಸುಮ್ಮನಾಯಿತು. ಹಳೆಯ ಆಪಿಗೆ ಕೊನೆಯೇ ಇರಲಿಲ್ಲ, ಬೆರಳು ಎಳೆದಷ್ಟೂ ಬರುತ್ತಿತ್ತು. ಇದಕ್ಕೆ ಕೊನೆ ಇತ್ತು. ಕೊನೆಯಾದ ಮೇಲೆ ಅವನು ತಲೆ ಎತ್ತಿದ. ಗೇಟಿನ ಸರಳಿನಲ್ಲಿ ಅಕ್ಕನ ಬ್ಯಾಗಿನ ದಾರದ ಒಂದು ಎಳೆ ಸಿಕ್ಕಿಕೊಂಡಿತ್ತು. ಎರಡು ವಾರದಿಂದ ಅಲ್ಲೇ ಇತ್ತು, ಅವನು ನೋಡಿರಲಿಲ್ಲ.

ಬಂದ ಭಾನುವಾರ ಗುಂಡ್ಲುಪೇಟೆಗೆ ಹೋದ. ಹೊಸ ಡಬ್ಬಿ ಕೊಂಡು, ಅದರಲ್ಲಿ ಕಡಲೆಪುರಿ ತುಂಬಿಕೊಂಡಿದ್ದ. ಮಂಡಿಯಲ್ಲಿ ಹತ್ತು ಹನ್ನೆರಡು ಹೆಂಗಸರು ಈರುಳ್ಳಿ ರಾಶಿಯ ಸುತ್ತ ಕೂತಿದ್ದರು. ದೊಡ್ಡಮಲ್ಲಮ್ಮ ಅವನನ್ನು ನೋಡಿದಳು.

“ಅಲ್ಲೇ ನಿಂತ್ಕೊ,” ಎಂದಳು.

ನಿಂತ. ಅವಳು ಆರಿಸುವುದನ್ನು ಬಿಡಲಿಲ್ಲ. ದಪ್ಪದ್ದು ಒಂದು ಕಡೆ, ಸಣ್ಣದು ಒಂದು ಕಡೆ. ಒಂದು ಗಂಟೆ ನಿಂತ. ಬಿಸಿಲಿಗೆ ಮುಖ ಬೆವರಿತು. ಉಳಿದ ಹೆಂಗಸರಿಗೆ ವಿಷಯ ಗೊತ್ತಿತ್ತು ಅಂತ ಕಾಣುತ್ತದೆ, ಯಾರೂ ಮಾತಾಡಿಸಲಿಲ್ಲ. ಕೊನೆಗೆ ದೊಡ್ಡಮಲ್ಲಮ್ಮ ಪಕ್ಕದ ಪುಟ್ಟಸಿದ್ದಮ್ಮನ ಕೈಗೆ ನೀರಿನ ಚೊಂಬು ಕೊಟ್ಟು ಅವನ ಕಡೆ ಕಣ್ಣು ತೋರಿಸಿದಳು.

“ನೆಲುಕ್ ಮಡುಗ್ಬ್ಯಾಡ ಕಣಮ್ಮಿ. ಕೈಗೇ ಕೊಡು.”

ಅವನು ಕುಡಿದ. ತಪ್ಪಾಯಿತು ಎಂದು ಹೇಳಿದ್ದು ಲಾರಿಯ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ. ಡಬ್ಬಿಯನ್ನು ಚೊಂಬಿನ ಜೊತೆ ಪುಟ್ಟಸಿದ್ದಮ್ಮನ ಕೈಗೆ ಕೊಟ್ಟು ಬಸ್ಸು ಹತ್ತಿದ. ಅಕ್ಕ ಏಳಲಿಲ್ಲ.

ಮಾರನೆಯ ಮಧ್ಯಾಹ್ನ ಹೆಂಗಸರು ಉಣ್ಣಲು ಕೂರುವ ಹೊತ್ತಿಗೆ ಫೋನು ಮಾಡಿದ. ಈ ಸಲ ಅವಳು ಎತ್ತಿದಳು, ಮಾತಾಡಲಿಲ್ಲ. ಅಕ್ಕನಿಗೆ ಓದು ಬರುವುದಿಲ್ಲ. ಅವನು ರೀಡರಿನಲ್ಲಿ ಇಳಿಸಿಕೊಂಡು, ಚೀಟಿಯಲ್ಲಿ ಬರೆದುಕೊಂಡಿದ್ದ ಒಂದು ಸುದ್ದಿಯನ್ನು ಓದಿದ. ಅಪ್ಪ ಸಾರುತ್ತಿದ್ದ ಹಾಗೆಯೇ, ಮೊದಲು ಪತ್ರಿಕೆಯ ಹೆಸರು, ಆಮೇಲೆ ತಾರೀಕು, ಆಮೇಲೆ ವಿಷಯ. ಮುಗಿಯಿತು. ಆ ಕಡೆ ಲಾರಿ ಹಾರನ್ನು, ಹೆಂಗಸರ ಮಾತು. ಫೋನು ಕಟ್ಟಾಯಿತು.

ಮರುದಿನ ಮತ್ತೊಂದು ಓದಿದ. ಅದರ ಮರುದಿನ ಇನ್ನೊಂದು. ಡೆಂಗಿ ಜ್ವರಕ್ಕೆ ಮನೆಯ ಮುಂದೆ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರಮ್ಮ ಬರೆದದ್ದು, ಯಾವುದೋ ಊರಿನ ಕೇರಿಯವರು ಹೋರಾಡಿ ದಾರಿ ಬಿಡಿಸಿಕೊಂಡದ್ದು. ಅವಳು ಪ್ರತಿದಿನ ಎತ್ತಿದಳು, ಪ್ರತಿದಿನ ಸುಮ್ಮನಿದ್ದಳು. ಸಂಜೆ ಅವನು ಬುಕ್ಕಿನಲ್ಲಿ ಬರೆಯುತ್ತಿದ್ದ: ಯಾರೂ ಬಂದಿಲ್ಲ.

ಮೂರು ವಾರವಾಗಿರಬೇಕು. ಅವತ್ತು ಗಾಳಿಗೆ ಚೀಟಿ ಹಾರಿಹೋಗಿ, ಅದನ್ನು ಹಿಡಿಯುವ ಗಡಿಬಿಡಿಯಲ್ಲಿ ಅವನು ವಿಷಯವನ್ನು ಮೊದಲು ಓದಿಬಿಟ್ಟ. ಮುಗಿಸಿ, ಕಟ್ಟಾಗುವುದನ್ನು ಕಾಯುತ್ತ ಫೋನು ಕಿವಿಗೆ ಹಿಡಿದುಕೊಂಡೇ ಕೂತ. ಕಟ್ಟಾಗಲಿಲ್ಲ.

“ತಾರೀಕ್ ಯೋಳ್ನಿಲ್ಲ ನೀನು,” ಎಂದಳು ಅಕ್ಕ.

ಅವನು ತಾರೀಕು ಹೇಳಿದ.

“ಯಾರ್ ಸಾರ್ಸಿದ್ದು ಅಂತಾನೂ ಯೋಳ್ನಿಲ್ಲ.”

ಅದನ್ನೂ ಹೇಳಿದ.

“ಊಂ,” ಎಂದಳು. “ಸ್ವಾಮಾರ ಬತ್ತೀನಿ. ಡಬ್ಬಿ ಹಿಂದುಕ್ಕೆ ಕೊಡ್ಬೇಕು. ಬರೀ ಡಬ್ಬಿ ಕೊಡಕಾಯ್ತದ?” ಎಂದಳು.

ಆ ಸೋಮವಾರದ ಪುಟವನ್ನು ಅವನು ಈಗಲೂ ಕೇಳಿದವರಿಗೆ ತೆಗೆದು ತೋರಿಸುತ್ತಾನೆ. ದೊಡ್ಡಮಲ್ಲಮ್ಮ. ಗುಂಡ್ಲುಪೇಟೆ. 11.40. ಯಾರನ್ನು ನೋಡಲು: ತಮ್ಮನನ್ನು. ಸಹಿಯ ಜಾಗದಲ್ಲಿ ಒಂದು ಹೆಬ್ಬೆಟ್ಟು, ಅದರ ಸುತ್ತ ಸ್ವಲ್ಪ ಉಪ್ಸಾರಿನ ಕಲೆ. ಎರಡು ಪುಟದ ಹಿಂದಿನ ‘ಒಳಗೆ ಬಿಟ್ಟಿಲ್ಲ’ ಎನ್ನುವುದನ್ನು ಅಳಿಸು ಎಂದು ಅಕ್ಕ ಹೇಳಿದಳಂತೆ. ಗೇಟ್ ಬುಕ್ಕಿನಲ್ಲಿ ಅಳಿಸುವ ಹಾಗಿಲ್ಲ ಎಂದು ಅವನು ಅಳಿಸಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಫೋನನ್ನು ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಕೂತಿರುವ ಸುದ್ದಿ ಆಪನ್ನು ನೀವು ಕರೆದಿರಾ, ಅದೇ ಬಂತಾ? ನಿಮ್ಮ ಅಕ್ಕತಂಗಿಯರ ನಂಬರು ಕೇಳುವ ಆಪಿಗೆ ‘ಸರಿ’ ಎನ್ನಬೇಡಿ. ಫೀಡ್ ರೀಡರ್ ಹಾಕಿಕೊಳ್ಳುವುದಾದರೆ, ನಿಮ್ಮ ಭಾಷೆಯಲ್ಲಿ ಓದಲು ಬಿಡುತ್ತದೆಯೇ, ನಿಮಗೆ ಬೇಕಾದವರ ವಿಳಾಸ ಹಾಕಲು ಬಿಡುತ್ತದೆಯೇ, ಬೇಡವೆಂದಾಗ ಪಟ್ಟಿಯ ಸಮೇತ ಹೊರಡಲು ಬಿಡುತ್ತದೆಯೇ ಎಂದು ನೋಡಿ. ಗೊತ್ತಾಗದಿದ್ದರೆ ನಿಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ರೋಗ ನಿಜವಾಗಿಯೇ ಬಂದಾಗ ಆಶಾ ಕಾರ್ಯಕರ್ತೆಯ ಮಾತು ಕೇಳಿ, ಅವಳಿಗೆ ಹೆಸರಿದೆ, ಮನೆಯಿದೆ, ನಾಳೆ ನಿಮ್ಮ ಮುಖ ನೋಡಬೇಕು.

ನಮ್ಮನ್ನು ತಲೆತಲಾಂತರ ಹೊರಗೆ ನಿಲ್ಲಿಸಿದರು. ಈಗ ನಮ್ಮ ಕೈಯಿಂದಲೇ ನಮ್ಮವರನ್ನು ಹೊರಗೆ ನಿಲ್ಲಿಸುವ ಯಂತ್ರವನ್ನು ಪುಕ್ಕಟೆ ಹಂಚುತ್ತಿದ್ದಾರೆ. ಹೆಸರು ಹೇಳದ ಸುದ್ದಿಯನ್ನು ಗೇಟಿನ ಆಚೆ ನಿಲ್ಲಿಸಿ. ಬಿಸಿಲಲ್ಲಿ ಬಂದ ಮನುಷ್ಯರಿಗೆ ಬೀಗ ತೆಗೆಯಿರಿ, ನೀರನ್ನು ಕೈಗೇ ಕೊಡಿ.